‘ಲಾಯರಮ್ಮ, ಇವನು ಮತ್ತೆ ಹೊಡೀತಾನಾ?’

ಹುಡುಗರ ಜಗಳ ಆಸ್ಪತ್ರೆ ಹತ್ತಿ, ಅಲ್ಲಿಂದ ಪೊಲೀಸ್ ಠಾಣೆಗೆ ಹೋಗಿ, ಕೊನೆಗೆ ಅನಂತಪುರದ ಬಾಲನ್ಯಾಯ ಮಂಡಳಿಯ ಮುಂದೆ ಬಂದಾಗ ಸೆಟ್ಟೂರು, ಕುಂದುರ್ಪಿ ಕಡೆಯ ಕನ್ನಡದವರು ನನ್ನನ್ನು ಹುಡುಕಿಕೊಂಡು ಬರುವುದು ಜಾಮೀನಿನ ವಿಚಾರಕ್ಕೆ. ಕಾಗದಪತ್ರದ ಮಾತೆಲ್ಲ ಮುಗಿದು ಎದ್ದು ನಿಂತ ಮೇಲೆ ಯಾರಾದರೊಬ್ಬರು ದನಿ ತಗ್ಗಿಸಿ ಕೇಳಿಯೇ ಕೇಳುತ್ತಾರೆ: “ಲಾಯರಮ್ಮ, ಇವನು ಮತ್ತೆ ಹೊಡೀತಾನಾ?” ಏಟು ತಿಂದವನ ಮನೆಯವರು ಕೇಳುವುದು ಸಹಜ. ಹೊಡೆದವನ ಸ್ವಂತ ಅಜ್ಜಿಯೂ ಇದನ್ನೇ ಕೇಳುತ್ತಾಳೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಪದೇಪದೇ ಬರುವ ಪ್ರಶ್ನೆ ಇದೇ ಆದ್ದರಿಂದ ಈ ವಾರ ಇದನ್ನು ಬಿಡಿಸಿ ಬರೆಯೋಣ ಅನ್ನಿಸಿತು.

ಮೊದಲು ಒಂದು ಮಾತು. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಕ್ಕಳ ಹೆಸರು, ಊರು, ಶಾಲೆ, ಗುರುತು ಸಿಗುವಂಥ ಯಾವುದನ್ನೂ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ. ಹಾಗಾಗಿ ಇಲ್ಲಿ ಬರುವ ಹುಡುಗ ಯಾರೋ ಒಬ್ಬನಲ್ಲ; ನಾನು ಕಂಡ ಹಲವರನ್ನು ಕೂಡಿಸಿ ಮಾಡಿದವನು. ಹದಿನಾರು ದಾಟಿದೆ, ಹತ್ತನೇ ಕ್ಲಾಸು. ಮಳೆ ಕೈಕೊಟ್ಟು ಕಡಲೆಕಾಯಿ ಹೋದ ವರ್ಷ ಅಪ್ಪ ಅಮ್ಮ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರು, ಇವನು ಅಜ್ಜಿಯ ಹತ್ತಿರ ಉಳಿದ. ಜಾತ್ರೆಯ ರಾತ್ರಿ ತನಗಿಂತ ದೊಡ್ಡ ಹುಡುಗರ ಜತೆ ಕುಡಿದ, ಯಾರೋ ಅಮ್ಮನ ಹೆಸರು ಎತ್ತಿ ಬೈದರು, ಕೈಗೆ ಸಿಕ್ಕ ಕೊಡಲಿಯ ಕಾವಿನಿಂದ ತಲೆಗೆ ಬೀಸಿದ. ಏಟು ತಿಂದವನು ಬದುಕಿದ. ಬರೆದುಕೊಂಡ ಕೇಸು ಕೊಲೆಯತ್ನ.

ಇಂಥವನು ಮುಂದೆ ಏನು ಮಾಡುತ್ತಾನೆ ಎಂದು ಅಂದಾಜು ಮಾಡಲು ಮನಃಶಾಸ್ತ್ರಜ್ಞರು ಕೆಲವು ಕ್ರಮಬದ್ಧ ಪಟ್ಟಿಗಳನ್ನು ಕಟ್ಟಿದ್ದಾರೆ. ಹೆಚ್ಚು ಬಳಕೆಯಲ್ಲಿರುವುದು ಸಾವ್ರಿ ಎಂಬುದು. ಬೋರಮ್, ಬಾರ್ಟೆಲ್, ಫೋರ್ತ್ ಎಂಬ ಮೂವರು ಸೇರಿ ಹನ್ನೆರಡರಿಂದ ಹದಿನೆಂಟರ ಮಕ್ಕಳಿಗಾಗಿ ಮಾಡಿದ್ದು. ಅದರಲ್ಲಿ ಅಪಾಯ ಸೂಚಿಸುವ 24 ಅಂಶಗಳಿವೆ. ಹತ್ತು ಹಿಂದಿನವು: ಮುಂಚೆ ಹೊಡೆದದ್ದುಂಟೇ, ಎಷ್ಟನೇ ವಯಸ್ಸಿಗೆ ಶುರುವಾಯಿತು, ಮನೆಯಲ್ಲಿ ಹೊಡೆತ ಬಡಿತ ನೋಡಿದ್ದಾನೆಯೇ, ತಾನೇ ತಿಂದಿದ್ದಾನೆಯೇ, ಹೀಗೆ. ಆರು ಸುತ್ತಮುತ್ತಲಿನವು: ಗೆಳೆಯರು ಎಂಥವರು, ಕೇಳುವವರು ಹೇಳುವವರು ಇದ್ದಾರೆಯೇ, ಓಣಿ ಹೇಗಿದೆ. ಉಳಿದ ಎಂಟು ಹುಡುಗನವೇ: ಕುಡಿತ, ಸಿಟ್ಟು, ಹಿಂದುಮುಂದು ನೋಡದೆ ನುಗ್ಗುವ ಸ್ವಭಾವ, ಮಾಡಿದ್ದಕ್ಕೆ ಮರುಕವಿಲ್ಲದಿರುವುದು ಮುಂತಾದವು. ಕೊನೆಗೆ ಕೂಡಿ ಮಾರ್ಕ್ಸ್ ಹಾಕುವ ಪದ್ಧತಿ ಇದರಲ್ಲಿ ಇಲ್ಲ. ಎಲ್ಲವನ್ನೂ ನೋಡಿದ ಮೇಲೆ ನೋಡಿದವರೇ ತಮ್ಮ ವಿವೇಚನೆಯಿಂದ ಅಪಾಯ ಕಡಿಮೆ, ಮಧ್ಯಮ, ಹೆಚ್ಚು ಎಂದು ಹೇಳಬೇಕು.

ನಮ್ಮ ಹುಡುಗನನ್ನು ಈ ಪಟ್ಟಿಯ ಮುಂದೆ ಕೂರಿಸಿದರೆ ಗುರುತು ಬೀಳುತ್ತಲೇ ಹೋಗುತ್ತದೆ. ಅಪ್ಪ ಕುಡಿದು ಅಮ್ಮನಿಗೆ ಹೊಡೆಯುವುದನ್ನು ನೋಡಿ ಬೆಳೆದಿದ್ದಾನೆ. ಹೋದ ವರ್ಷ ಶಾಲೆಯಲ್ಲೊಂದು ಜಗಳ. ಗಣಿತದಲ್ಲಿ ಹಿಂದೆ. ದೊಡ್ಡ ಹುಡುಗರ ಸಹವಾಸ. ಹೆತ್ತವರು ಹತ್ತಿರವಿಲ್ಲ. ‘ಅಪಾಯ ಹೆಚ್ಚು’ ಎಂದು ಬರೆದು ಮುಗಿಸುವುದು ಸುಲಭ.

ಆ ಎರಡು ಪದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಆಕ್ಸ್‌ಫರ್ಡ್‌ನ ಮನೋವೈದ್ಯ ಸೀನಾ ಫಜೆಲ್ ಮತ್ತು ಸಂಗಡಿಗರು 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಂಥ ಪಟ್ಟಿಗಳ ಫಲಿತಾಂಶಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದರು. ದೊಡ್ಡವರು, ಚಿಕ್ಕವರು ಸೇರಿ 24,827 ಜನರ ಮಾಹಿತಿ. ಹಿಂಸೆಯ ಅಪಾಯ ಇದೆ ಎಂದು ಪಟ್ಟಿ ಹೇಳಿದವರಲ್ಲಿ ಮುಂದೆ ನಿಜವಾಗಿ ಹಿಂಸೆಗಿಳಿದವರು ನೂರಕ್ಕೆ 41. ಅಪಾಯ ಕಡಿಮೆ ಎಂದವರಲ್ಲಿ ನೂರಕ್ಕೆ 91 ಮಂದಿ ಸುಮ್ಮನಿದ್ದರು. ಅಂದರೆ ಈ ಪಟ್ಟಿ ‘ಇವನನ್ನು ಬಿಡಬಹುದು’ ಎಂದರೆ ಬಹುಮಟ್ಟಿಗೆ ನಂಬಬಹುದು. ‘ಇವನು ಅಪಾಯಕಾರಿ’ ಎಂದರೆ ಅರ್ಧಕ್ಕಿಂತ ಹೆಚ್ಚು ಸಲ ತಪ್ಪುತ್ತದೆ. ಊರಿನ ಕಟ್ಟೆಯ ಮೇಲೆ ಇದು ಸಂಪೂರ್ಣ ತಿರುಗಾಮುರುಗಾ: ‘ಅವನು ಕೆಟ್ಟವನು’ ಎಂಬ ಮಾತಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ, ‘ಒಳ್ಳೆಯ ಹುಡುಗ’ ಎಂದವರನ್ನು ಎಲ್ಲರೂ ಕೇಳುತ್ತಾರೆ.

ಪಟ್ಟಿ ಹೀಗೆ ತಪ್ಪಲು ಒಂದು ಕಾರಣ ವಯಸ್ಸೇ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರ ಚಿಲ್ಲರೆ ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದಿದೆ. ಅದರ ಆಧಾರದ ಮೇಲೆ ಟೆರಿ ಮೊಫಿಟ್ 1993ರಲ್ಲಿ ಹೇಳಿದ್ದು: ಮೂರು ನಾಲ್ಕನೇ ವಯಸ್ಸಿನಿಂದಲೇ ಕಾಣಿಸಿಕೊಂಡು ಕೊನೆತನಕ ಎಳೆಯುವ ಪುಂಡಾಟ ಕೆಲವೇ ಕೆಲವರದು, ಹರೆಯದಲ್ಲಿ ಬಂದು ಹರೆಯದ ಜತೆಗೇ ಇಳಿದುಹೋಗುವುದು ಬಹಳ ಜನರದು. ಹದಿನಾರರಲ್ಲಿ ನೋಡುವಾಗ ಇಬ್ಬರೂ ಒಂದೇ ಥರ ಕಾಣುತ್ತಾರೆ. ಬೇರೆ ಮಾಡಿ ನೋಡಬೇಕಾದರೆ ಬಾಲ್ಯದ ಕಥೆ ಕೇಳಬೇಕು, ಅದಕ್ಕೆ ಅಜ್ಜಿ ಬೇಕು.

ಸಾವ್ರಿಯಲ್ಲೇ ಇನ್ನೊಂದು ಭಾಗ ಇದೆ. ಅದು ಕಾಪಾಡುವ ಅಂಶಗಳದು, ಬರೀ ಆರು. ಒಳ್ಳೆಯ ಕೆಲಸಗಳಲ್ಲಿ ಹುಡುಗ ತೊಡಗಿಕೊಂಡಿದ್ದಾನೆಯೇ, ಬೆನ್ನಿಗೆ ನಿಲ್ಲುವವರಿದ್ದಾರೆಯೇ, ಒಬ್ಬ ದೊಡ್ಡವರ ಜತೆಗಾದರೂ ಗಟ್ಟಿ ಅಂಟು ಇದೆಯೇ, ಹೇಳಿದ್ದನ್ನು ಕೇಳುವ ಮನಸ್ಸಿದೆಯೇ, ಶಾಲೆ ಬೇಕು ಎನ್ನುತ್ತಾನೆಯೇ, ಬಿದ್ದರೆ ಏಳುವ ಗುಣ ಉಂಟೇ. ನೆದರ್‌ಲೆಂಡ್ಸ್‌ನವರು ಇದು ಸಾಲದೆಂದು ಕಾಪಾಡುವ ಅಂಶಗಳಿಗಾಗಿಯೇ ಬೇರೊಂದು ಪಟ್ಟಿ ಮಾಡಿಕೊಂಡಿದ್ದಾರೆ. ಮಳೆ ಎಷ್ಟು ಬರುತ್ತದೆ ಎಂದು ಕೇಳಿದವರು ಕೆರೆ ಏರಿ ಹೇಗಿದೆ ಎಂದೂ ಕೇಳಬೇಕಲ್ಲ; ಏರಿಯನ್ನಾದರೂ ನಾವು ರಿಪೇರಿ ಮಾಡಬಹುದು.

ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬ ಒಂದು ದ್ವೀಪ. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಎಂಬಾಕೆ ನಡುವಯಸ್ಸಿನವರೆಗೂ ಹಿಂಬಾಲಿಸಿದರು. ಬಡತನ, ಕುಡುಕ ಅಪ್ಪ, ಮುರಿದ ಮನೆ, ಹೀಗೆ ಕಷ್ಟಗಳು ಒಂದರ ಮೇಲೊಂದು ಬಿದ್ದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಪಾಲು ತಾವಾಗಿಯೇ ಗಟ್ಟಿಯಾಗಿ, ಯಾರ ತಂಟೆಗೂ ಹೋಗದೆ ಬೆಳೆದರು. ಅವರಲ್ಲಿ ಮತ್ತೆಮತ್ತೆ ಕಂಡದ್ದು ಒಂದೇ: ಮನೆಯೊಳಗೋ ಹೊರಗೋ, ಅಪ್ಪ ಅಮ್ಮನೇ ಆಗಬೇಕೆಂದಿಲ್ಲ, ತಮ್ಮನ್ನು ಬಿಟ್ಟುಕೊಡದ ಒಬ್ಬ ದೊಡ್ಡವರು. ಅಜ್ಜಿ, ಮೇಷ್ಟ್ರು, ಚಿಕ್ಕಪ್ಪ, ಯಾರಾದರೂ.

ನಮ್ಮ ಹುಡುಗನ ಅಜ್ಜಿಯನ್ನು ಕೇಳಿದಾಗ ಸಿಕ್ಕಿದ್ದು ಇದು. “ಅವನು ಕುರಿ ನೋಡ್ಕೊಂತಾನಮ್ಮ. ಅವರ ಮಾವಂದು ಮಂದೆ ಐತೆ. ಮರಿ ಮಾರಿದ ದುಡ್ಡು ಒಂದು ರೂಪಾಯಿ ಅತ್ತಿತ್ತ ಮಾಡಿದೋನಲ್ಲ.” ಬೆಳಿಗ್ಗೆ ಶಾಲೆಗೆ ಮುಂಚೆ ಕುರಿಹಟ್ಟಿಗೆ ಹೋಗುತ್ತಾನೆ, ಯಾವ ಕುರಿಗೆ ಕಾಲುಬಾಯಿ ಬೇನೆ ಎಂದು ಮಾವನಿಗಿಂತ ಮೊದಲು ಇವನಿಗೆ ಗೊತ್ತಾಗುತ್ತದೆ. ಕಬಡ್ಡಿ ಚೆನ್ನಾಗಿ ಆಡುತ್ತಾನೆಂದು ಪಿ.ಇ.ಟಿ. ಮೇಷ್ಟ್ರು ಜಿಲ್ಲಾ ಆಟಕ್ಕೆ ಕರೆದುಕೊಂಡು ಹೋಗಿದ್ದರು. ರಾತ್ರಿ ಬರುವುದು ತಡವಾದರೆ ಅಜ್ಜಿ ಬ್ಯಾಟರಿ ಹಿಡಿದು ಹುಡುಕಿಕೊಂಡು ಹೋಗುತ್ತಾಳೆ, ಆಕೆ ಬಂದರೆ ಗೆಳೆಯರ ಮುಂದೆ ತಲೆ ತಗ್ಗಿಸಿ ಹಿಂದೆ ಬರುತ್ತಾನೆ. ಆರರಲ್ಲಿ ನಾಲ್ಕು ಅಂಶ ಇಲ್ಲೇ ಸಿಕ್ಕಿತು. ಇದ್ಯಾವುದೂ ಪೊಲೀಸರ ಕಾಗದದಲ್ಲಿ ಇರಲಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು.

ಇದನ್ನು ಬರೆಯಬೇಕಾದವರು ಪ್ರೊಬೇಷನ್ ಆಫೀಸರ್. ಹುಡುಗ ಸಿಕ್ಕಿದ ಸುದ್ದಿ ಬಂದ ಮೇಲೆ ಎರಡು ವಾರದೊಳಗೆ ಅವರು ‘ಸಾಮಾಜಿಕ ತನಿಖಾ ವರದಿ’ಯನ್ನು ಮಂಡಳಿಗೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಮನೆ, ಓದು, ಗೆಳೆಯರು, ಅಭ್ಯಾಸ, ನೆರೆಹೊರೆ ಎಲ್ಲಕ್ಕೂ ಅದರಲ್ಲಿ ಕಾಲಂ ಇದೆ. ನನ್ನ ದೃಷ್ಟಿಯಲ್ಲಿ ಇಡೀ ಫೈಲಿನಲ್ಲಿ ಅಜ್ಜಿಯ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುವ ಕಾಗದ ಅದೊಂದೇ. ಆದರೆ ಅನಂತಪುರದಿಂದ ಕಲ್ಯಾಣದುರ್ಗ, ಅಲ್ಲಿಂದ ಸೆಟ್ಟೂರು, ಅಲ್ಲಿಂದ ಆಟೋ ಹಿಡಿದು ಗಡಿಯ ಹಳ್ಳಿಗೆ ಬರುವ ಹೊತ್ತಿಗೆ ಮಧ್ಯಾಹ್ನ ಆಗಿರುತ್ತದೆ, ಊರವರೆಲ್ಲ ಹೊಲದಲ್ಲಿರುತ್ತಾರೆ. ಕಚೇರಿಯಲ್ಲೇ ಕೂತು ಫೋನಿನಲ್ಲಿ ತುಂಬಿದ ವರದಿಗಳನ್ನೂ ನಾನು ಓದಿದ್ದೇನೆ. ‘ಕುಟುಂಬ ಬಡತನದ್ದು, ನಿಗಾ ಇಲ್ಲ, ಸಹವಾಸ ಕೆಟ್ಟದ್ದು’ ಎಂಬ ಮೂರು ವಾಕ್ಯ, ಹೆಸರು ಬದಲಾಯಿಸಿದರೆ ಯಾವ ಹುಡುಗನಿಗೂ ಹೊಂದುತ್ತದೆ.

ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ‘ಹದಿನಾರು ದಾಟಿದವರನ್ನು ಮಾನಸಿಕ ಪರೀಕ್ಷೆ ಮಾಡಿಸಿ ದೊಡ್ಡವರ ಥರ ವಿಚಾರಣೆ ಮಾಡ್ತಾರಂತೆ’ ಎಂದು ಓದುಗರು ಬರೆಯುತ್ತಾರೆ. ಅದು 2015ರ ಬಾಲನ್ಯಾಯ ಕಾಯ್ದೆಯ 15ನೇ ಕಲಮಿನ ಪ್ರಾಥಮಿಕ ಮೌಲ್ಯಮಾಪನ. 2012ರ ಡಿಸೆಂಬರ್‌ನ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ನಂತರ ಎದ್ದ ಸಿಟ್ಟಿನಲ್ಲಿ ಬಂದದ್ದು, 2016ರ ಜನವರಿ 15ರಿಂದ ಜಾರಿಯಲ್ಲಿದೆ. ಮಂಡಳಿ ಅದರಲ್ಲಿ ನೋಡುವುದು ನಾಲ್ಕು ವಿಷಯ: ಅಂಥ ಅಪರಾಧ ಮಾಡುವ ಮಾನಸಿಕ ಸಾಮರ್ಥ್ಯ, ದೈಹಿಕ ಸಾಮರ್ಥ್ಯ, ಪರಿಣಾಮಗಳನ್ನು ತಿಳಿಯುವ ಶಕ್ತಿ, ಯಾವ ಸಂದರ್ಭದಲ್ಲಿ ನಡೆಯಿತು ಎಂಬುದು. ನಾಲ್ಕೂ ಹಿಂದಕ್ಕೆ ನೋಡುವ ಪ್ರಶ್ನೆಗಳೇ. ಮುಂದೆ ಇವನಿಂದ ಅಪಾಯ ಇದೆಯೇ, ಯಾವುದು ಇವನನ್ನು ತಡೆಯುತ್ತದೆ ಎಂದು ಅಲ್ಲಿ ಎಲ್ಲೂ ಕೇಳುವುದಿಲ್ಲ.

ಅಷ್ಟೇ ಅಲ್ಲ, ಆ ಮೌಲ್ಯಮಾಪನ ಬರುವುದು ‘ಘೋರ ಅಪರಾಧ’ಗಳಿಗೆ ಮಾತ್ರ. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚು ಇದ್ದರೆ ಘೋರ. ಕೊಲೆಯತ್ನಕ್ಕೆ ಕನಿಷ್ಠ ಶಿಕ್ಷೆ ಎಂದು ಇಲ್ಲ, ಆದ್ದರಿಂದ 2020ರ ಜನವರಿಯಲ್ಲಿ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಅದು ‘ಗಂಭೀರ’, ಘೋರ ಅಲ್ಲ. ತಲೆ ಒಡೆದ ನಮ್ಮ ಹುಡುಗನಿಗೆ ಈ ಮೌಲ್ಯಮಾಪನವೇ ಇಲ್ಲ! ಅದೇ ಹದಿನೇಳರ ಹುಡುಗನೊಬ್ಬ ಹದಿನಾರರ ಹುಡುಗಿಯ ಜತೆ ಪ್ರೀತಿ ಮಾಡಿ ಪಾವಗಡಕ್ಕೋ ಚಳ್ಳಕೆರೆಗೋ ಓಡಿಹೋಗಿ ದೈಹಿಕ ಸಂಬಂಧವೂ ಆದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆಯಲ್ಲಿ ಕನಿಷ್ಠ ಶಿಕ್ಷೆ ಹತ್ತು ವರ್ಷ ಇರುವುದರಿಂದ, ಅದು ಘೋರ. ಯಾರಿಗೂ ಕೈ ಎತ್ತದವನು ಮನೋವೈದ್ಯರ ಮುಂದೆ ಕೂರುತ್ತಾನೆ. ಕಾನೂನಿನ ಘೋರತೆಗೂ ಹುಡುಗನ ಅಪಾಯಕ್ಕೂ ನೇರ ಸಂಬಂಧ ಇಲ್ಲ ಎಂದು ತೋರಿಸಲು ಇದಕ್ಕಿಂತ ಬೇರೆ ಉದಾಹರಣೆ ಬೇಡ. ಇದನ್ನು ಓದಿ ‘ಹಾಗಾದರೆ ಕೊಲೆಯತ್ನವನ್ನೂ ಘೋರಕ್ಕೆ ಸೇರಿಸಿ’ ಎನ್ನುವವರಿದ್ದಾರೆ; ನಾನು ಆ ಪಕ್ಷದವಳಲ್ಲ. ಅಪಾಯದ ಅಂದಾಜು ಎಲ್ಲ ಹಿಂಸೆಯ ಕೇಸುಗಳಲ್ಲೂ ಆಗಲಿ, ಆದರೆ ಸಹಾಯ ಮಾಡಲು ಆಗಲಿ, ದೊಡ್ಡವರ ಕೋರ್ಟಿಗೆ ತಳ್ಳಲು ಬೇಡ.

ಮೌಲ್ಯಮಾಪನವೂ ಮೊದಮೊದಲು ಎಷ್ಟು ಹಗುರವಾಗಿ ನಡೆಯುತ್ತಿತ್ತೆಂದರೆ, ಬುದ್ಧಿಮಟ್ಟದ ಒಂದು ಪರೀಕ್ಷೆ ಮಾಡಿ ‘ಸಾಮಾನ್ಯ’ ಎಂದು ಬರೆದರೆ ಮುಗಿಯುತ್ತಿತ್ತು. 2022ರ ಜುಲೈ 13ರಂದು ಗುರುಗ್ರಾಮದ ಶಾಲೆಯೊಂದರ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿದ್ದಿತು. ಬುದ್ಧಿ ಇರುವುದು ಬೇರೆ, ಮಾಡಿದ್ದರಿಂದ ತನಗೆ, ಸತ್ತವರ ಮನೆಗೆ, ತನ್ನ ಮನೆಗೆ ಮುಂದೆ ಏನೆಲ್ಲ ಆಗುತ್ತದೆ ಎಂದು ತಿಳಿಯುವುದು ಬೇರೆ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ಸಹಾಯ ಪಡೆಯಲೇಬೇಕು ಎಂದಿತು. ಮರುವರ್ಷ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗ ಮಾರ್ಗಸೂಚಿಯನ್ನೂ ಹೊರಡಿಸಿತು. ಈ ಮೌಲ್ಯಮಾಪನಕ್ಕೆ ಕಾಯ್ದೆ ಕೊಟ್ಟ ಗಡುವು ಮೂರು ತಿಂಗಳು. ಆ ಗಡುವು ಮೀರಿದ ಮಾತ್ರಕ್ಕೆ ಎಲ್ಲ ಬಿದ್ದುಹೋಗುವುದಿಲ್ಲ ಎಂದು ಕರ್ನಾಟಕದ ಹುಡುಗನೊಬ್ಬನ ಪ್ರಕರಣದಲ್ಲೇ 2024ರ ಮೇ 7ರಂದು ಸುಪ್ರೀಂ ಕೋರ್ಟ್ ಹೇಳಿತು. ತಜ್ಞರು ಬೇಕು, ಸಮಯವೂ ಬೇಕು, ಸರಿ. ಬೆಂಗಳೂರಿಗಾದರೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಪಕ್ಕದಲ್ಲೇ ಇದೆ. ನಮ್ಮ ಕಡೆಯ ಮಕ್ಕಳಿಗೆ?

ನಮ್ಮ ಕಡೆಯ ಮಕ್ಕಳದು ಇನ್ನೊಂದು ತೊಡಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪಟ್ಟಿ ಇಂಗ್ಲಿಷಿನಲ್ಲಿ. ಎದುರಿಗೆ ಕೂತ ಮೇಡಂ ‘ಮಾಡಿದ್ದು ತಪ್ಪು ಅನ್ನಿಸುತ್ತಾ’ ಎಂದು ತೆಲುಗಿನಲ್ಲಿ ಕೇಳುತ್ತಾರೆ. ಹುಡುಗ ನೆಲ ನೋಡುತ್ತಾನೆ, ಮಾತಾಡುವುದಿಲ್ಲ. ದೊಡ್ಡವರು ಬೈಯುವಾಗ ಕಣ್ಣಿಗೆ ಕಣ್ಣು ಕೊಟ್ಟು ಉತ್ತರ ಹೇಳುವುದು ಉದ್ಧಟತನ ಎಂದು ಕಲಿಸಿ ಬೆಳೆಸಿದ್ದೇವೆ ನಾವು. ಆ ಮೌನ ‘ಪಶ್ಚಾತ್ತಾಪ ಕಾಣುವುದಿಲ್ಲ’ ಎಂದು ಕಾಗದಕ್ಕೆ ಇಳಿಯುತ್ತದೆ. ಅದೇ ಹುಡುಗ ಹೊರಗೆ ಬೇವಿನ ಮರದ ಕೆಳಗೆ ಅಜ್ಜಿಯ ಹತ್ತಿರ, ಏಟು ತಿಂದವನಿಗೆ ಹೊಲಿಗೆ ಎಷ್ಟು ಬಿದ್ದಿದೆ, ಊಟ ಮಾಡುತ್ತಾನಾ ಎಂದು ವಿಚಾರಿಸುತ್ತಿರುತ್ತಾನೆ. ಆದ್ದರಿಂದಲೇ ನಾನು ಮಂಡಳಿಯ ಮುಂದೆ ಮೊದಲು ಕೇಳಿಕೊಳ್ಳುವುದು ಕನ್ನಡ ಬಲ್ಲ ಒಬ್ಬರನ್ನು ಜತೆಗೆ ಕೂರಿಸಿ ಎಂದು.

ಪಟ್ಟಿಗಳ ಬಗ್ಗೆ ನನಗಿರುವ ದೊಡ್ಡ ಅಳುಕು ಬೇರೆ. ಹಿಂದೆ ಒಂದು ಸರ್ಕಾರ ಇಡೀ ಜಾತಿಗಳ ಮೇಲೆ ‘ಅಪಾಯ ಹೆಚ್ಚು’ ಎಂದು ಬರೆದಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ನಾವಿದ್ದ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಕೊರಚರ, ಎರುಕಲರ ಮಗು ಹುಟ್ಟಿದಾಗಲೇ ಕಳ್ಳ ಎಂಬ ಲೆಕ್ಕ. ಬಾಪಟ್ಲ ಹತ್ತಿರ ಸ್ಟುವರ್ಟ್‌ಪುರಂ ಎಂಬ ವಸಾಹತೇ ಎದ್ದಿತು, ಮಕ್ಕಳನ್ನು ಹೆತ್ತವರಿಂದ ಬಿಡಿಸಿ ಬೇರೆ ಕಡೆ ಇಡುವ ಅಧಿಕಾರವೂ ಸರ್ಕಾರಕ್ಕಿತ್ತು. ಕಾಪಾಡುವ ಅಂಟನ್ನೇ ಮೊದಲು ಕತ್ತರಿಸುವ ಕಾನೂನು! 1952ರಲ್ಲಿ ಅದು ರದ್ದಾಯಿತು, ಆದರೆ ಠಾಣೆಯಲ್ಲಿ ಹುಡುಗನ ಜಾತಿ ಕೇಳಿ ‘ಓಹೋ’ ಎನ್ನುವ ದನಿ ಇನ್ನೂ ಕಿವಿಗೆ ಬೀಳುತ್ತದೆ. ಹಾಗೆಯೇ ನಮ್ಮದು ಫ್ಯಾಕ್ಷನ್ ಜಿಲ್ಲೆ, ಬಣಗಳ ಹಗೆತನದ ಜಿಲ್ಲೆ ಎಂಬ ಹೆಸರು. ಆ ಹಗೆಯಲ್ಲೇ ಪರಿಟಾಲ ಶ್ರೀರಾಮುಲು 1975ರಲ್ಲಿ ಕೊಲೆಯಾದರು, ಶಾಸಕರಾಗಿದ್ದ ಮಗ ರವಿ 2005ರ ಜನವರಿ 24ರಂದು ಅನಂತಪುರದಲ್ಲೇ ಕೊಲೆಯಾದರು. ಇಂಥ ಕಥೆ ಕೇಳುತ್ತಲೇ ಒಂದು ತಲೆಮಾರು ಬೆಳೆದಿದೆ. ‘ಸುತ್ತಲಿನ ವಾತಾವರಣ ಹಿಂಸೆಯದು’ ಎಂಬ ಕಾಲಮಿಗೆ ಇಂಥ ಊರುಗಳ ಹುಡುಗರೆಲ್ಲರಿಗೂ ಗುರುತು ಹಾಕಬಹುದು. ಎಲ್ಲರಿಗೂ ಬೀಳುವ ಗುರುತಿನಿಂದ ಒಬ್ಬನ ವಿಷಯ ಏನು ತಿಳಿದಂತಾಯಿತು?

ಇನ್ನು ನಾವು ಮಾಡುವುದು. ಇಂಥ ಕೇಸು ಆದ ವಾರದಲ್ಲೇ ಶಾಲೆಯಿಂದ ಹೇಳಿ ಕಳಿಸುತ್ತಾರೆ: ಟಿ.ಸಿ. ತೊಗೊಂಡು ಹೋಗಿ. ಬೇರೆ ಮಕ್ಕಳ ತಂದೆತಾಯಿ ಗಲಾಟೆ ಮಾಡುತ್ತಾರೆಂಬ ಹೆಡ್‌ಮಾಸ್ತರರ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಆ ಒಂದು ಹಾಳೆಯಲ್ಲಿ ಶಾಲೆ ಹೋಯಿತು, ಕಬಡ್ಡಿ ಹೋಯಿತು, ಪಿ.ಇ.ಟಿ. ಮೇಷ್ಟ್ರು ಹೋದರು, ಉಳಿದದ್ದು ಕುಡಿಸಿದ ಗೆಳೆಯರು. ಕಾಪಾಡುವ ಆರು ಅಂಶಗಳಲ್ಲಿ ಮೂರನ್ನು ನಾವೇ ಕಿತ್ತುಕೊಂಡು, ಆಮೇಲೆ ಅವನು ಮತ್ತೆ ಹೊಡೀತಾನಾ ಎಂದು ಕೇಳುತ್ತೇವೆ. ಏಟು ತಿಂದವನ ಮನೆಯವರಿಗೂ ನಾನು ಇದನ್ನೇ ಹೇಳುವುದು: ಅವನು ಶಾಲೆಯಲ್ಲಿದ್ದರೆ ನಿಮ್ಮ ಮಗನಿಗೇ ಕ್ಷೇಮ, ಬೇಕಾದರೆ ಸೆಕ್ಷನ್ ಬದಲಾಯಿಸಿ ಕೂರಿಸಲಿ. ಅವರು ಒಪ್ಪುವುದು ಕಡಿಮೆ. ಒಪ್ಪಲೇಬೇಕೆಂದು ಹೇಳಲು ನನಗೂ ಬಾಯಿ ಬರುವುದಿಲ್ಲ, ಹೊಲಿಗೆ ಬಿದ್ದಿರುವುದು ಅವರ ಮಗನ ತಲೆಗೆ.

ಜಾಮೀನಿಗೂ ಇದೇ ಕಾಪಾಡುವ ಅಂಶಗಳು ಬೇಕು. 12ನೇ ಕಲಂ ಪ್ರಕಾರ ಹುಡುಗನಿಗೆ ಜಾಮೀನು ಕೊಡುವುದು ನಿಯಮ. ಬಿಟ್ಟರೆ ಅಪರಾಧಿಗಳ ಕೈಗೆ ಸಿಗುತ್ತಾನೆ, ಅವನಿಗೇ ಅಪಾಯ ಆಗುತ್ತದೆ, ನ್ಯಾಯದ ಉದ್ದೇಶ ಕೆಡುತ್ತದೆ ಎಂದು ಕಂಡರೆ ಮಾತ್ರ ತಡೆಯಬಹುದು. ಹಾಗಾಗಿ ಮಂಡಳಿಗೆ ಬರುವಾಗ ಅಜ್ಜಿ ಒಬ್ಬಳೇ ಬಂದು ಅಳುತ್ತ ನಿಲ್ಲುವುದಕ್ಕಿಂತ, ಕುರಿಯ ಮಾವ ಬರಲಿ, ಮೇಷ್ಟ್ರು ಒಂದು ಪತ್ರ ಬರೆದುಕೊಡಲಿ, ಅಪ್ಪನೋ ಅಮ್ಮನೋ ಬೆಂಗಳೂರು ಬಿಟ್ಟು ಕೆಲವು ತಿಂಗಳು ಊರಿನಲ್ಲಿರುತ್ತೇವೆಂದು ಹೇಳಲಿ. ಆ ದೊಡ್ಡ ಹುಡುಗರಿಂದ ದೂರ ಇಡಲು ಮಾವನ ಮನೆಗೇ ಕಳಿಸುವುದಾದರೆ ಅದನ್ನೂ ಹೇಳಿ. ಪ್ರೊಬೇಷನ್ ಆಫೀಸರ್ ಊರಿಗೆ ಬಂದರೆ ಹೆದರಿ ಬಾಗಿಲು ಹಾಕಿಕೊಳ್ಳಬೇಡಿ. ಕುಡಿದಿದ್ದನ್ನು ಮುಚ್ಚಿಡಬೇಡಿ, ಅದು ಹೇಗೂ ಗೊತ್ತಾಗುತ್ತದೆ. ಕುರಿ ಕಾಯುವುದನ್ನು ಹೇಳಲು ಮರೆಯಬೇಡಿ, ಅದು ನೀವು ಹೇಳದಿದ್ದರೆ ಗೊತ್ತಾಗುವುದಿಲ್ಲ.

ಹೋದ ತಿಂಗಳು ಬಂದ ಪತ್ರವೊಂದರಲ್ಲಿ, ಕೇಸಾದ ಮಗನಿಗೆ ಮುಂದೆ ಪೊಲೀಸ್, ಮಿಲಿಟರಿ ಕೆಲಸ ಸಿಗುತ್ತದೆಯೇ ಎಂದು ತಾಯಿಯೊಬ್ಬರು ಕೇಳಿದ್ದಾರೆ. ಕಾಯ್ದೆಯ 24ನೇ ಕಲಮಿನಂತೆ ಬಾಲನ್ಯಾಯ ಮಂಡಳಿಯಲ್ಲೇ ಮುಗಿದ ಪ್ರಕರಣದಿಂದ ಯಾವ ಅನರ್ಹತೆಯೂ ಬರುವುದಿಲ್ಲ, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಯನ್ನೂ ನಾಶ ಮಾಡಬೇಕು. ಚಿಕ್ಕಂದಿನ ಕೇಸನ್ನು ನೆಪ ಮಾಡಿ ಕೇಂದ್ರದ ಪಡೆಯೊಂದು ಕೆಲಸ ನಿರಾಕರಿಸಿದ್ದಾಗ, 2019ರಲ್ಲಿ ರಮೇಶ್ ಬಿಷ್ಣೋಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಭ್ಯರ್ಥಿಯ ಪರವಾಗಿಯೇ ನಿಂತಿತು. ಹದಿನಾರು ದಾಟಿ, ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರಂತೆ ವಿಚಾರಣೆಯಾಗಿ ತಪ್ಪಿತಸ್ಥ ಎಂದಾದವರಿಗೆ ಮಾತ್ರ ಈ ರಕ್ಷಣೆ ಇಲ್ಲ. ನಿಮ್ಮ ಮಗನ ಕೇಸು ಯಾವುದರಲ್ಲಿ ಮುಗಿಯಿತು ಎಂದು ಆದೇಶದ ನಕಲು ತೆಗೆಸಿ ನೋಡಿಕೊಳ್ಳಿ, ತಾಯಿ. ನಕಲಿಗೆ ಅರ್ಜಿ ಹಾಕುವುದು ಹೇಗೆಂದು ಗೊತ್ತಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ದುಡ್ಡಿಲ್ಲದೆ ಮಾಡಿಕೊಡುತ್ತಾರೆ.